ಇಸಿಜಿ ಓದಲು ಯಂತ್ರ, ತೆಗೆಯಲು ಯಾರು?

ಮಾನ್ಯ ಸಂಪಾದಕರೇ,

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆ ಕೆಲವೇ ನಿಮಿಷಗಳಲ್ಲಿ ಓದಿ ಹೇಳುತ್ತದೆ. ಹೃದಯಾಘಾತ ಖಚಿತವಾದರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. 2023ರಲ್ಲಿ ಶುರುವಾದ ಈ ಯೋಜನೆ ಹಳ್ಳಿಯವರಿಗೆ ನಿಜಕ್ಕೂ ವರ.

ಆದರೆ ಕಳೆದ ತಿಂಗಳು ರಾತ್ರಿ ಎರಡರ ಹೊತ್ತಿಗೆ ಚಿಕ್ಕಪ್ಪನಿಗೆ ಎದೆನೋವು ಬಂದು, ಹತ್ತಿರದ ಆಸ್ಪತ್ರೆಯೊಂದಕ್ಕೆ ಓಡಿದೆವು. ಯಂತ್ರವೇನೋ ಇತ್ತು, ಎದೆಗೆ ಅದರ ವೈರು ಅಂಟಿಸಬೇಕಾದವರು ಮನೆಗೆ ಹೋಗಿದ್ದರು. ಫೋನ್ ಮಾಡಿ ಕರೆಸುವಷ್ಟರಲ್ಲಿ ಮುಕ್ಕಾಲು ಗಂಟೆ. ಪುಣ್ಯಕ್ಕೆ ಅದು ಬರೀ ಗ್ಯಾಸ್ಟ್ರಿಕ್! ಇಂಥ ಕಡೆಗಳಲ್ಲಿ ರಾತ್ರಿ ಪಾಳಿಗೂ ಒಬ್ಬ ಇಸಿಜಿ ತಂತ್ರಜ್ಞರು ಇರುವಂತೆ ಮೊದಲು ನೋಡಿಕೊಳ್ಳಬೇಕು.

– ಒಬ್ಬ ಓದುಗ