ಚಿಕ್ಕ ಗ್ಯಾರೇಜುಗಳಿಗೂ ಅಪ್ರೆಂಟಿಸ್ ಹುಡುಗರು ಸಿಗಲಿ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ನಮ್ಮ ಕುಮಟೆಯಲ್ಲಿ ಸೈನ್ಸಾ, ಕಾಮರ್ಸಾ ಅನ್ನುವುದೊಂದೇ ಮಾತು. ಐಟಿಐ ಹೆಸರು ಬರುವುದು ಕೊನೆಗೆ, ಅದೂ ಸ್ವಲ್ಪ ದನಿ ತಗ್ಗಿಸಿ. ಗಾಡಿ ಸರ್ವಿಸ್‌ಗೆ ಬಿಡಲು ಬಂದವರು "ಮಗನಿಗೆ ಓದು ತಲೆಗೆ ಹತ್ತುವುದಿಲ್ಲ ಮಾರಾಯ್ರೇ, ನಿಮ್ಮ ಹತ್ರ ಹಾಕ್ಕೊಳ್ತೀರಾ?" ಎಂದು ಕೇಳುತ್ತಾರೆ. ಓದು ಹತ್ತದವನಿಗೆ ಗ್ಯಾರೇಜು ಎಂದು ಯಾರು ಹೇಳಿಕೊಟ್ಟರೋ! ಈಗಿನ ಗಾಡಿಗೆ ಕೈ ಹಾಕಬೇಕಾದರೆ ಓದಲೇಬೇಕು. ಓದಿದ್ದಷ್ಟೇ ಸಾಲುವುದಿಲ್ಲ ಅನ್ನುವುದು ಬೇರೆ ಮಾತು. ಈ ಪತ್ರ ಅದರ ಬಗ್ಗೆಯೇ.

2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಬಂತು. ಅಲ್ಲಿಯವರೆಗೆ ಬೈಕ್ ಅಂದರೆ ಕಾರ್ಬುರೇಟರ್ ಬಿಚ್ಚು, ಜೆಟ್ ಊದು, ಕಿವಿಗೊಟ್ಟು ಐಡಲಿಂಗ್ ಸರಿ ಮಾಡು, ಇಷ್ಟೇ. ಈಗ ಸಾದಾ ಬೈಕಿಗೂ ಇಂಜೆಕ್ಟರ್, ಸೆನ್ಸರ್, ಇಂಜಿನ್ ನೋಡಿಕೊಳ್ಳುವ ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್. ಪಾನ ಹಿಡಿಯುವಷ್ಟೇ ಸಲೀಸಾಗಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಲು ಬರದವನು ಈ ಕೆಲಸದಲ್ಲಿ ಬಹಳ ದಿನ ಉಳಿಯುವುದು ಕಷ್ಟ.

ಒಂದು ಉದಾಹರಣೆ ಕೊಡುತ್ತೇನೆ. ಮೀನು ಸಾಗಿಸುವ ಒಂದು ಪಿಕಪ್ ಬಂದಿತ್ತು. ಚೆಕ್ ಇಂಜಿನ್ ಲೈಟ್ ಆರುತ್ತಿರಲಿಲ್ಲ. ಐಟಿಐ ಮುಗಿಸಿ ಆಗಷ್ಟೇ ನನ್ನಲ್ಲಿ ಸೇರಿದ್ದ ಹುಡುಗ ಸ್ಕ್ಯಾನರ್ ಹಾಕಿದ, ಅಂದರೆ ಇಸಿಯು ಗುರುತಿಸಿಟ್ಟ ದೋಷದ ಕೋಡ್ ಓದುವ ಮಷೀನು. ಸೈಲೆನ್ಸರಿನಲ್ಲಿ ಒತ್ತಡ ಅಳೆಯುವ ಸೆನ್ಸರಿನ ಕೋಡ್ ಬಂತು. "ಸೆನ್ಸರ್ ಹೋಗಿದೆ, ಹುಬ್ಬಳ್ಳಿಯಿಂದ ತರಿಸಬೇಕು" ಅಂದುಬಿಟ್ಟ. "ತಡಿಯೋ ತಮಾ, ಮೊದಲು ಅದಕ್ಕೆ ಕರೆಂಟ್ ಬರ್ತದಾ ನೋಡು" ಅಂದೆ. ಸೆನ್ಸರಿನ ಕನೆಕ್ಟರ್ ಬಿಚ್ಚಿ, ಸ್ವಿಚ್ ಆನ್ ಇಟ್ಟು ನೋಡಿದರೆ 5 ವೋಲ್ಟ್ ತೋರಿಸಬೇಕು. ಮೀಟರ್‌ನಲ್ಲಿ ಏನೂ ಇಲ್ಲ. ವಯರ್ ಹಿಡಿದು ಹಿಂದೆ ಹೋದಾಗ ಹಿಂದಿನ ಟ್ರೇ ಕೆಳಗೆ ಇನ್ನೊಂದು ಜಾಯಿಂಟ್ ಸಿಕ್ಕಿತು. ಮೀನಿನ ಬಾಕ್ಸಿನ ಉಪ್ಪುನೀರು ಅಲ್ಲಿಗೇ ತೊಟ್ಟಿಕ್ಕುತ್ತಿತ್ತು. ಒಳಗಿನ ಪಿನ್ ಹಸಿರುಗಟ್ಟಿ ಪುಡಿಪುಡಿಯಾಗಿತ್ತು. ಹೊಸ ಪಿನ್ ಕೂರಿಸಿದೆವು, 5 ವೋಲ್ಟ್ ಬಂತು, ಕೋಡ್ ಅಳಿಸಿದ ಮೇಲೆ ಲೈಟೂ ಆರಿತು. ಸೆನ್ಸರ್‌ಗೆ ಏನೂ ಆಗಿರಲಿಲ್ಲ. ತೊಂದರೆ ಯಾವ ಸರ್ಕ್ಯೂಟಿನಲ್ಲಿದೆ ಅಂತ ಮಾತ್ರ ಸ್ಕ್ಯಾನರ್ ಹೇಳುತ್ತದೆ. ಯಾವ ಪಾರ್ಟ್ ಬದಲಿಸಬೇಕು ಅನ್ನುವುದನ್ನು ನಾವೇ ಹುಡುಕಬೇಕು.

ಹುಡುಗನನ್ನು ದೂರುತ್ತಿಲ್ಲ. ಅವನು ಚುರುಕು. ಆದರೆ ಎರಡು ವರ್ಷದ ಮೋಟಾರ್ ವೆಹಿಕಲ್ ಟ್ರೇಡ್‌ನಲ್ಲಿ ಅವನ ಕೈಗೆ ಬಿಚ್ಚಲು ಸಿಕ್ಕಿದ್ದು ಹಳೇ ಕಾಲದ ಒಂದು ಡೀಸೆಲ್ ಇಂಜಿನ್. ಅದನ್ನು ಬ್ಯಾಚಿನವರೆಲ್ಲ ಸರದಿಯಲ್ಲಿ ಬಿಚ್ಚಿ ಬಿಚ್ಚಿ ಬೋಲ್ಟಿನ ಮೂಲೆಗಳೇ ಸವೆದಿದ್ದವಂತೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ಒಳ್ಳೆಯದೇ ಆಯಿತು. ಆದರೂ ಉಪ್ಪುನೀರು ಕುಡಿದ ವಯರಿಂಗ್ ಹೇಗಿರುತ್ತದೆ ಅನ್ನುವುದನ್ನು ಲ್ಯಾಬಿನ ಹೊಸ ಮಷೀನು ಕಲಿಸುವುದಿಲ್ಲ, ಅಲ್ವಾ?

ಇನ್ನೊಂದು ನಮ್ಮ ಕಡೆಯದೇ ಕಾಯಿಲೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದವರು "ಅರ್ಧ ಘಟ್ಟದಲ್ಲಿ ಪೆಡಲ್ ಸುಮ್ನೆ ಒಳಗೆ ಹೋಯಿತು, ಬ್ರೇಕೇ ಹಿಡಿಯಲಿಲ್ಲ" ಎನ್ನುತ್ತಾರೆ. ಗಾಡಿ ನಮ್ಮಲ್ಲಿಗೆ ಬಂದು ತಣ್ಣಗಾಗುವ ಹೊತ್ತಿಗೆ ಪೆಡಲ್ ಗಟ್ಟಿ. ಪ್ಯಾಡ್ ಚೆನ್ನಾಗಿದೆ, ಎಲ್ಲೂ ಲೀಕ್ ಇಲ್ಲ. ಹೊಸ ಹುಡುಗರು "ಏನೂ ಇಲ್ಲ ಮೇಸ್ತ್ರಿ, ಡ್ರೈವರ್ ಹೆದರಿದ್ದಾರೆ" ಅನ್ನುತ್ತಾರೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಪಸೆ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಪಸೆಗೇನು ಬರವೇ? ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಘಟ್ಟದುದ್ದಕ್ಕೂ ಗೇರ್ ಇಳಿಸದೆ ಬ್ರೇಕ್ ತುಳಿದುಕೊಂಡೇ ಬಂದರೆ ಅಷ್ಟು ಬಿಸಿ ಏರುವುದು ದೊಡ್ಡದಲ್ಲ. ಒಳಗೆ ಆವಿಯ ಗುಳ್ಳೆ ಏಳುತ್ತವೆ, ಪೆಡಲ್ ಒತ್ತಿದಾಗ ಗುಳ್ಳೆ ಕುಗ್ಗುತ್ತವೆ, ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ಹಳೇ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ ಬ್ಲೀಡ್ ಮಾಡಿದರೆ, ಅಂದರೆ ಪೈಪಿನೊಳಗಿನ ಗಾಳಿ ಹೊರಗೆ ಬಿಟ್ಟರೆ, ಆಯಿತು. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಈ ಫಜೀತಿಯೇ ಇಲ್ಲ.

ಅದೇ ಹುಡುಗರಿಗೆ, ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅನ್ನುವ ಪಾಸ್ಕಲ್ ನಿಯಮ ಹೇಳು ಅಂದರೆ ಗಡಗಡ ಹೇಳುತ್ತಾರೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ ಅನ್ನುವುದೂ ಗೊತ್ತು. ಪುಸ್ತಕದ ಆ ಸಾಲಿಗೂ ಎದುರು ನಿಂತ ಗಾಡಿಗೂ ಏನು ಸಂಬಂಧ ಅಂತ ತೋರಿಸಿಕೊಡುವವರು ಮಾತ್ರ ಸಿಕ್ಕಿಲ್ಲ.

ಹಾಗಂತ ನಮ್ಮ ಗ್ಯಾರೇಜಿನ ಹಳೇ ಪದ್ಧತಿಯನ್ನು ಹೊಗಳುವ ಹಾಗೂ ಇಲ್ಲ. ಕಸ ಹೊಡೆ, ಚಹಾ ತಾ, ಡೀಸೆಲ್‌ನಲ್ಲಿ ಪಾರ್ಟ್ಸ್ ತೊಳೆ, ಇದೇ ವರ್ಷಗಟ್ಟಲೆ. ಕೈಗೆ ಸಿಗುವುದು ಊಟ, ಒಂದಿಷ್ಟು ಖರ್ಚಿಗೆ ಕಾಸು. ಕೆಲಸವೇನೋ ಕಲಿಯುತ್ತಾರೆ, ಆದರೆ ತೋರಿಸಲು ಒಂದು ಕಾಗದ ಇರುವುದಿಲ್ಲ. ಶೋರೂಮಿನವರು ಮೊದಲು ಕೇಳುವುದೇ ಆ ಕಾಗದವನ್ನು. ಚಪ್ಪಲಿ ಹಾಕಿಕೊಂಡು ಬರೀ ಜ್ಯಾಕ್ ನಂಬಿ ಗಾಡಿ ಅಡಿಗೆ ಮಲಗುವ ಅಭ್ಯಾಸವೂ ಹೀಗೇ ಒಬ್ಬರಿಂದ ಒಬ್ಬರಿಗೆ ಅಂಟಿದ್ದು. ಸ್ಟ್ಯಾಂಡ್ ಕೊಡದೆ ಅಡಿಗೆ ಹೋಗಬಾರದು ಅಂತ ಐಟಿಐನಲ್ಲಿ ಕಲಿತು ಬಂದವರೂ ನಮ್ಮನ್ನು ನೋಡಿ ಕೆಡುತ್ತಾರೆ. ಇನ್ನು ಕರೆಂಟಿನ ಕಾರುಗಳು ಬೇರೆ ಬರುತ್ತಿವೆ. ಅವುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಮುನ್ನೂರು ವೋಲ್ಟಿನ ಮೇಲೆ ಹರಿಯುವುದುಂಟು. ಅಲ್ಲಿ ನೋಡಿ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಸರಿಯಾದ ತರಬೇತಿ ಆಗದವನು ಮುಟ್ಟಲೇಬಾರದು.

ಹಾಗಾದರೆ ದಾರಿ? ಅಪ್ರೆಂಟಿಸ್. ಐಟಿಐನ ಓದು, ಗ್ಯಾರೇಜಿನ ಕೈಕೆಲಸ, ಕೊನೆಗೊಂದು ಸರ್ಟಿಫಿಕೇಟ್, ಮಧ್ಯೆ ತಿಂಗಳಿಗಿಷ್ಟು ಅಂತ ಸ್ಟೈಪೆಂಡ್. ಇದಕ್ಕೆ 1961ರಿಂದ ಕಾಯ್ದೆಯೇ ಇದೆ. 2016ರಲ್ಲಿ ಬಂದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ತೊಡಕಿರುವುದು ತಲೆ ಲೆಕ್ಕದಲ್ಲಿ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇದ್ದರೆ ಮಾಲೀಕರ ಇಷ್ಟ. ನಾಲ್ಕಕ್ಕಿಂತ ಕಡಿಮೆ ಇದ್ದವರು ಲೆಕ್ಕಕ್ಕೇ ಇಲ್ಲ. ಅಂಕೋಲಾದಿಂದ ಹೊನ್ನಾವರದವರೆಗೆ ಹೆದ್ದಾರಿ ಬದಿಯ ಗ್ಯಾರೇಜುಗಳನ್ನು ನೋಡುತ್ತಾ ಬನ್ನಿ. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು. ನಮ್ಮಲ್ಲಿ ಹೆಚ್ಚಿನವರದು ಇದೇ ಕಥೆ. ಹೀಗಾಗಿ ಐಟಿಐ ಮುಗಿಸಿದವರು ಅಪ್ರೆಂಟಿಸ್‌ಗೆಂದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ, ಕಾರವಾರ ಕಡೆಯವರು ಗೋವಾಕ್ಕೆ. ಹೋದವರು ತಿರುಗಿ ಬರುವುದು ಹಬ್ಬಕ್ಕೆ ಮಾತ್ರ. ಊರಲ್ಲೇ ಉಳಿದು ಗ್ಯಾರೇಜ್ ಹಾಕಿದರೆ ಹೆಣ್ಣು ಕೊಡುವವರಿಲ್ಲ ಅನ್ನುವ ಇನ್ನೊಂದು ಗೋಳಿದೆ. ಅದಕ್ಕೆ ಸಂಪಾದಕರೂ ಏನೂ ಮಾಡಲಾರರು, ಬಿಡಿ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಹಲವು ಮಾಲೀಕರು ಒಟ್ಟಾಗಿ, ತಾವೇ ಆಗಲಿ ಒಪ್ಪಿಗೆ ಪಡೆದ ಏಜೆನ್ಸಿ ಮೂಲಕವಾಗಲಿ, ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡಬಹುದು. ನಮಗೆ ಬೇಕಾಗಿರುವುದು ಇದೇ. ನನ್ನದು ಡೀಸೆಲ್ ಗಾಡಿಗಳ ಕೆಲಸ. ಪಕ್ಕದಲ್ಲಿ ಬೈಕಿನವರಿದ್ದಾರೆ, ರಸ್ತೆ ದಾಟಿದರೆ ವಯರಿಂಗ್ ಮಾಡುವವರು, ಸ್ವಲ್ಪ ಮುಂದೆ ಅಲೈನ್‌ಮೆಂಟ್, ಅದರಾಚೆ ಟಿಂಕರಿಂಗ್-ಪೇಂಟಿಂಗ್. ಒಬ್ಬ ಹುಡುಗ ಎರಡೆರಡು ತಿಂಗಳಂತೆ ಎಲ್ಲ ಕಡೆ ಕೆಲಸ ಮಾಡಿದರೆ ದೊಡ್ಡ ಶೋರೂಮಿನಲ್ಲಿ ವರ್ಷವಿಡೀ ಆಯಿಲ್ ಬದಲಿಸುವವನಿಗಿಂತ ಜಾಸ್ತಿ ಕಲಿಯುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸ್ಟೈಪೆಂಡಿನ ನಮ್ಮ ಪಾಲನ್ನು ಐದು ಜನ ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಅವನು ದಿನಾ ಏನು ಮಾಡಿದ, ಏನು ಅಳೆದ, ರೀಡಿಂಗ್ ಎಷ್ಟು ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಡಲಿ. ಐಟಿಐ ಮಾಸ್ತರರು ತಿಂಗಳಿಗೊಮ್ಮೆ ಬಂದು ಅದನ್ನು ನೋಡಲಿ. ಬಂದಾಗ ನಮಗೂ ನಾಲ್ಕು ಮಾತು ಹೇಳಿಕೊಡಲಿ. ಸ್ಕ್ಯಾನರಿನ ಗ್ರಾಫ್ ಓದುವುದು ನನಗೇ ಇನ್ನೂ ಪೂರ್ತಿ ಬರುವುದಿಲ್ಲ.

ಇದನ್ನು ಐದು ಜನ ಮೇಸ್ತ್ರಿಗಳು ಓಡಾಡಿ ಮಾಡಿಸಿಕೊಳ್ಳುವುದು ಕಷ್ಟ. ಗ್ಯಾರೇಜ್ ಬಾಗಿಲು ಹಾಕಿ ಆಫೀಸಿಗೆ ಅಲೆದರೆ ಅವತ್ತಿನ ಸಂಪಾದನೆ ಹೋಯಿತು. ಜಿಲ್ಲೆಯ ಕೌಶಲ ಇಲಾಖೆಯವರೇ ಒಂದು ಭಾನುವಾರ ಕುಮಟೆಯಲ್ಲಿ ನಮ್ಮನ್ನೆಲ್ಲ ಕರೆದು ಕೂರಿಸಿ, ಯಾವ ಕಾಗದ ಬೇಕು, ಯಾರ ಹೆಸರಲ್ಲಿ ನೋಂದಣಿ ಆಗಬೇಕು ಅಂತ ಹೇಳಲಿ. ಸಭೆಗೆ ಜಾಗ ಇಲ್ಲವೆಂದರೆ ನನ್ನ ಶೆಡ್ ಇದೆ, ಭಾನುವಾರ ಖಾಲಿಯೇ ಇರುತ್ತದೆ. ಅದೂ ಆಗದಿದ್ದರೆ ಅರ್ಜಿ ಎಲ್ಲಿ ಕೊಡಬೇಕು ಎಂದು ಇದೇ ಅಂಕಣದಲ್ಲಿ ಉತ್ತರ ಬರೆದರೂ ಸಾಕು, ಐಟಿಐ ಪ್ರವೇಶ ಮುಗಿಯುವುದರೊಳಗೆ.

— ಗ್ಯಾರೇಜ್ ಮೇಸ್ತ್ರಿ, ಕುಮಟಾ