ಭರ್ತಿ ಸಾಲಿನಲ್ಲಿ ಕೂತವರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ಮಿರಜ ಸ್ಟೇಷನ್‌ನಲ್ಲಿ ಆಡಿದ ಮಾತಿಗೆ ನಿನ್ನೆಯಿಂದ ನನಗೆ ಊಟ ಸೇರಿಲ್ಲ. "ಹೊಲಕ್ಕೆ ನೀರಿದ್ದಿದ್ದರೆ ನೀನು ಮಿಲಿಟರಿಗೆ ಹೋಗುತ್ತಿರಲಿಲ್ಲ" ಅಂದೆ. ನೀನು ಸುಮ್ನೆ ಚೀಲ ಎತ್ತಿಕೊಂಡು ರೈಲು ಹತ್ತಿದೆ, ತಿರುಗಿ ನೋಡಲಿಲ್ಲ. ತಪ್ಪಾಯಿತು, ಅವ್ವಾ.

ಆ ಮಾತು ಬಂದದ್ದು ಹಳೆಯ ಸಿಟ್ಟಿನಿಂದ. ಹತ್ತೊಂಬತ್ತನೇ ವಯಸ್ಸಿಗೆ ನಾನೂ ಮಿಲಿಟರಿ ಭರ್ತಿಗೆ ಹೋಗಿದ್ದೆ. ರಾತ್ರಿಯಿಡೀ ಮೈದಾನದ ಹೊರಗೆ ಸಾಲಿನಲ್ಲಿ ಕೂತಿದ್ದೆವು. ನನ್ನ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದವನ ಬುತ್ತಿಯಲ್ಲೂ ಅದೇ. ಹೊತ್ತು ಹೋಗಲೆಂದು ಒಬ್ಬೊಬ್ಬರನ್ನೇ ಯಾವ ಊರು ಅಂತ ಕೇಳಿದೆ. ಜತ್ತ, ಆಟಪಾಡಿ, ಸಾಂಗೋಲಾ, ಮಂಗಳವೇಢಾ. ಎಲ್ಲಾ ಬರದ ತಾಲ್ಲೂಕುಗಳು. ಕೃಷ್ಣಾ ದಂಡೆಯಲ್ಲಿ ಕಬ್ಬು ಬೆಳೆಯುವವರ ಮಗ ಒಬ್ಬನೂ ಸಿಗಲಿಲ್ಲ. ಯಾರೂ ನಮ್ಮನ್ನು ಎಳೆದು ತಂದಿರಲಿಲ್ಲ, ನಿಜ. ಆದರೆ ಊರಲ್ಲಿ ಉಳಿದರೆ ಅವರದೇ ಕಬ್ಬು ಕಡಿಯಲು ಹೋಗಬೇಕಿತ್ತು. ಉಸಿರು ಎಳೆದಾಗ ಎದೆ 5 ಸೆಂಟಿಮೀಟರ್ ಉಬ್ಬಬೇಕಿತ್ತು, ನನ್ನದು 4 ಉಬ್ಬಿತು. ವಾಪಸ್ ಬಂದಾಗ ನಿನ್ನ ಅಜ್ಜಿ ಅತ್ತಳು. ಮಗ ಮನೆಗೆ ಬಂದನಲ್ಲ ಅಂತ ಅತ್ತಳೋ, ಪಗಾರ ತಪ್ಪಿತಲ್ಲ ಅಂತ ಅತ್ತಳೋ, ಕೇಳುವ ಧೈರ್ಯ ಆಗಲಿಲ್ಲ.

ಅದಕ್ಕೇ ಮಿಲಿಟರಿ ಸೇವೆ ಎಲ್ಲರಿಗೂ ಕಡ್ಡಾಯ ಮಾಡಲಿ ಅಂತ ನಿನ್ನ ಜೊತೆ ಹಟ ಹಿಡಿದೆ. ಇಸ್ರೇಲಿನಲ್ಲಿ ಹುಡುಗಿಯರನ್ನೂ ಕರೆಯುತ್ತಾರೆ ಅಂದೆ. ನೀನು ಅಮೆರಿಕದ ಕತೆ ತೆಗೆದೆ. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಕರೆಯಬೇಕು ಅಂತ 1969ರಲ್ಲಿ ಹುಡುಗರ ಜನ್ಮದಿನದ ಚೀಟಿ ಎತ್ತಿದರು, ಆದರೆ ಕಾಲೇಜಿನಲ್ಲಿದ್ದ ಹುಡುಗರಿಗೆ ವಿನಾಯಿತಿ ಇತ್ತು, 1973ರಲ್ಲಿ ಕಡ್ಡಾಯವನ್ನೇ ನಿಲ್ಲಿಸಿದರು ಅಂದೆ. ಉಳ್ಳವರು ಅಲ್ಲೂ ದಾರಿ ಹುಡುಕಿಕೊಂಡರು, ಒಪ್ಪಿದೆ. ಹಾಗಾದರೆ ಆ ವಿನಾಯಿತಿಯನ್ನು ಮೊದಲೇ ತೆಗೆಯಬೇಕಿತ್ತು, ಅಲ್ವಾ? ದೊಡ್ಡವರ ಮಕ್ಕಳೂ ಗಡಿಯಲ್ಲಿದ್ದರೆ ಯುದ್ಧ ಅನ್ನುವ ಮೊದಲು ಹತ್ತು ಸಲ ಯೋಚಿಸುತ್ತಾರೆ. "ಮನಸ್ಸಿಲ್ಲದವನನ್ನು ನಂಬಿಕೊಂಡು ನಾನು ಕಾವಲು ನಿಲ್ಲಲ್ಲ ಅಪ್ಪಾ" ಅಂದೆಯಲ್ಲ, ಅದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ.

ಇನ್ನು ಕೇಳು. ನೀನು ಸೇರಿದ ಅಗ್ನಿವೀರರ ನೌಕರಿ 4 ವರ್ಷದ್ದು. ಆಮೇಲೆ ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಇಟ್ಟುಕೊಳ್ಳುತ್ತಾರೆ ಅಂತ ನಿಯಮ. ಪಗಾರದಲ್ಲಿ ನೂರಕ್ಕೆ 30 ಸೇವಾನಿಧಿಗೆ, ಅಂದರೆ ನೌಕರಿ ಮುಗಿದಾಗ ಕೈಗೆ ಬರುವ ಗಂಟಿಗೆ, ಹೋಗುತ್ತದೆ. ಉಳಿದದ್ದನ್ನು ಮನೆಗೆ ಕಳಿಸಬೇಡ. ಬೋರ್‌ವೆಲ್ ನನ್ನ ಚಿಂತೆ, ನಿನ್ನದಲ್ಲ. ಡಿಗ್ರಿ ಅರ್ಧಕ್ಕೆ ಬಿಡಬೇಡ. ಕಾಲು ಒಣಗಿಸದೆ ಬೂಟು ಹಾಕಬೇಡ. ಮತ್ತೆ ಉಪದೇಶ ಶುರು ಮಾಡಿದೆ, ಬೇಸರ ಮಾಡಿಕೊಳ್ಳಬೇಡ.

ಭರ್ತಿಗಾಗಿ ನಸುಕಿನಲ್ಲಿ ಎದ್ದು ನೀನು ಓಟದ ಅಭ್ಯಾಸ ಮಾಡಿದ್ದು ಇಬ್ಬರಿಗೂ ಗೊತ್ತು, ಅದನ್ನು ಬರೆಯುವುದಿಲ್ಲ. ನಮ್ಮೂರಿನಿಂದ ಮಿಲಿಟರಿ ಪೊಲೀಸ್‌ಗೆ ಹೋದ ಮೊದಲ ಹುಡುಗಿ ನನ್ನ ಮಗಳು ಅಂತ ಇವತ್ತು ಹಾಲಿನ ಡೇರಿಯಲ್ಲಿ ಎಲ್ಲರಿಗೂ ಹೇಳಿ ಬಂದೆ. ಮೊದಲೇ ನಿನಗೆ ಹೇಳಬೇಕಿತ್ತು.

ಬೆಂಗಳೂರಿನಲ್ಲಿ ನಿನ್ನ ಜೊತೆ ಟ್ರೇನಿಂಗಿಗೆ ಬಂದವರನ್ನು ಒಬ್ಬೊಬ್ಬರಾಗಿ ಕೇಳು, ಯಾವ ಊರು, ಮನೆಯಲ್ಲಿ ಎಷ್ಟು ಹೊಲ, ನೀರಿದೆಯಾ ಅಂತ. ಕೇಳಿ ನನಗೆ ಬರೆ.

ನಿನ್ನ ಅಪ್ಪ