ದ್ವೇಷದ ಸಂದೇಶಗಳ ಹೊಣೆ ಯಾರದು: ಗುಂಪಿಗೆ ಸೂಚನೆ

ಮಾನ್ಯ ಸದಸ್ಯರೇ,

ಸಮುದಾಯವೊಂದನ್ನು ಹೀಯಾಳಿಸುವ ಸಂದೇಶಗಳನ್ನು ತಡೆಯುವ ಹೊಣೆ ಸಾಮಾಜಿಕ ಜಾಲತಾಣ ಕಂಪನಿಗಳದ್ದೇ ಎಂದು ಕೆಲವರು ಇಲ್ಲಿ ವಾದಿಸಿರುವುದರಿಂದ ಈ ಸೂಚನೆ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳನ್ನು ಅಪರಾಧವಾಗಿಸಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು 2015ರ ಮಾರ್ಚ್ 24ರಂದು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಶ್ರೇಯಾ ಸಿಂಘಲ್ ಪ್ರಕರಣದ ಅದೇ ತೀರ್ಪಿನಲ್ಲಿ, ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ತಲುಪಿದ ಮೇಲೂ ಕಾನೂನುಬಾಹಿರ ಬರಹವನ್ನು ತೆಗೆಯದಿದ್ದರೆ ಕಂಪನಿಯು, ಬಳಕೆದಾರರ ಬರಹಗಳಿಗೆ ತಾನು ಹೊಣೆಯಾಗದಂತೆ ಇದೇ ಕಾಯ್ದೆಯ 79ನೇ ಸೆಕ್ಷನ್ ನೀಡುವ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ ಎಂದು ಸ್ಪಷ್ಟಪಡಿಸಿತು. ಈ ನಿಲುವು ಸರಿಯೆಂದೇ ನನ್ನ ದೃಢ ಅಭಿಪ್ರಾಯ. ಅಂತಹ ಆದೇಶವಿಲ್ಲದೆ, ಯಾರೋ ದೂರಿದ್ದನ್ನೆಲ್ಲ ಕಂಪನಿ ಅಳಿಸಬೇಕಾಗಿ ಬಂದರೆ ಅಧಿಕಾರಸ್ಥರನ್ನು ಪ್ರಶ್ನಿಸುವ ಮಾತೂ ಉಳಿಯಲಾರದು. ಆದರೆ ಬರೆದವರಿಗಾಗಲಿ ಫಾರ್ವರ್ಡ್ ಮಾಡಿದವರಿಗಾಗಲಿ ಆ ರಕ್ಷಣೆಯಿಲ್ಲ: ಸಮುದಾಯಗಳ ನಡುವೆ ದ್ವೇಷ ಬಿತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ನಿನಡಿ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ಅಂತಹ ಸಂದೇಶಗಳನ್ನು ಅಡ್ಮಿನ್‌ಗಳು ಅಳಿಸುತ್ತಾರೆ. ಸರ್ಕಾರದ ಟೀಕೆಯನ್ನು, ಅದು ಎಷ್ಟೇ ಕಟುವಾಗಿದ್ದರೂ, ಅಳಿಸುವುದಿಲ್ಲ.